ಅಜ್ಜಿ ಮಜ್ಜಿಗೆ ಬಿಟ್ಟ ಬೇಸಿಗೆ

ಕುರುಗೋಡಿನ ನಮ್ಮ ಮನೆಗೆ ಬೆಳಕು ಬರುತ್ತಿದ್ದುದು ತಲೆಯ ಮೇಲಿನಿಂದ. ಮಣ್ಣಿನ ಮಾಳಿಗೆ, ಕಲ್ಲಿನ ಕಂಬ, ಮೊಳದಗಲದ ಗೋಡೆ. ಕಿಟಕಿ ಎನ್ನುವುದು ಬೀದಿಯ ಕಡೆಗೆ ಒಂದೇ, ಅದೂ ಬೇಸಿಗೆ ಬಂತೆಂದರೆ ಮುಚ್ಚಿಯೇ ಇರುತ್ತಿತ್ತು. ಮಾಳಿಗೆಯ ನಡುವೆ ಇದ್ದ ಬೆಳಕಿಂಡಿಯಿಂದ ಇಳಿದ ಬಿಸಿಲು ಬೆಳಿಗ್ಗೆ ಬೀಸುವ ಕಲ್ಲಿನ ಮೇಲೆ ಕೂತು, ನಿಧಾನಕ್ಕೆ ಪಡಸಾಲೆಯಲ್ಲಿ ಸರಿದು, ನಡುಮಧ್ಯಾಹ್ನಕ್ಕೆ ನಡುಗಂಬದ ಬುಡಕ್ಕೆ ಬರುತ್ತಿತ್ತು. ಇಳಿಹೊತ್ತಿಗೆ ಅಡಿಗೆಮನೆಯ ಹೊಸ್ತಿಲು ಮುಟ್ಟಿ ಮಾಯವಾಗುತ್ತಿತ್ತು. ಕೈಗಡಿಯಾರ ಇದ್ದುದು ಅಪ್ಪನಿಗೊಬ್ಬನಿಗೇ. ಅವ್ವ ಮತ್ತು ಅಜ್ಜಿ ಆ ಬಿಸಿಲಿನ ತುಂಡು ಎಲ್ಲಿದೆ ಎಂದು ನೋಡಿಯೇ ಒಲೆ ಹಚ್ಚುತ್ತಿದ್ದರು, ಒಲೆ ಆರಿಸುತ್ತಿದ್ದರು. ಮನೆಯ ಹಿಂದೆ ಗುಡ್ಡದ ಕೆಂಪು ಬಂಡೆಗಳು. ಹಗಲೆಲ್ಲ ಕಾದ ಆ ಬಂಡೆಗಳು ಸಂಜೆಯಾದ ಮೇಲೆ ತಮ್ಮ ಕಾವನ್ನೆಲ್ಲ ನಮ್ಮ ಹಿತ್ತಲಿಗೆ ಇಳಿಸುತ್ತಿದ್ದವು. ಅಂಥ ಊರಿನಲ್ಲಿ ಬೆಳೆದದ್ದಕ್ಕೆ ತಂಪು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ತಂಪೆಂದರೆ ಮಣ್ಣಿನ ಹರವಿಯ ನೀರು. ತಂಪೆಂದರೆ ಮಜ್ಜಿಗೆ. ಈಗ ಬಳ್ಳಾರಿಯಲ್ಲಿ, ಕೋಟೆ ಗುಡ್ಡ ಕಾಣುವ ನನ್ನ ಅಡಿಗೆಮನೆಯಲ್ಲಿ ಫ್ರಿಜ್ ಇದೆ, ಬೇಕಾದಾಗ ಐಸು ಸಿಗುತ್ತದೆ. ಶಿವ ಕೊಟ್ಟದ್ದನ್ನು ಬೇಡ ಎನ್ನಬಾರದು. ಆದರೂ ಮಜ್ಜಿಗೆ ಕಡೆಯುವ ಸಪ್ಪಳ ಕೇಳಿದರೇ ನನ್ನ ಮೈ ತಣ್ಣಗಾಗುವುದು.

ಅಜ್ಜಿ ಎಂದರೆ ಅಪ್ಪನ ತಾಯಿ, ಗುರುಸಿದ್ದಮ್ಮ. ಸಣ್ಣ ಮೈ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಬೆಳಿಗ್ಗೆ ಎದ್ದು ಜಳಕ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ, ಆಮೇಲೆ ನೀರಿನ ಕೆಲಸಕ್ಕೆ ಕೂರುತ್ತಿದ್ದಳು. ಹಿತ್ತಲ ಬಾವಿಯಿಂದ ಅವ್ವ ಸೇದಿ ತಂದ ನೀರನ್ನು ಅಜ್ಜಿ ಎರಡು ಮಡಿಕೆ ಮಾಡಿದ ಬಿಳಿ ಬಟ್ಟೆಯಲ್ಲಿ ಸೋಸಿ ಹರವಿಗೆ ತುಂಬುತ್ತಿದ್ದಳು. ಸೋಸದ ನೀರು ಆ ಮನೆಯಲ್ಲಿ ಯಾರ ಗಂಟಲಿಗೂ ಇಳಿದದ್ದಿಲ್ಲ. ಸೋಸುವುದು ಮುಗಿದ ಮೇಲೆ ಇನ್ನೊಂದು ಕೆಲಸ ಇರುತ್ತಿತ್ತು. ಬಟ್ಟೆಯನ್ನು ಹುಷಾರಾಗಿ ಹಿಡಿದುಕೊಂಡು ಬಾವಿಯ ಹತ್ತಿರ ಹೋಗಿ, ಅದನ್ನು ತಿರುವಿ ಹಿಡಿದು, ಮೇಲಿಂದ ಒಂದು ತಂಬಿಗೆ ನೀರು ಹಾಕಿ, ಅದರಲ್ಲಿ ಸಿಕ್ಕಿಬಿದ್ದದ್ದನ್ನು ಮತ್ತೆ ಬಾವಿಗೇ ಬಿಡುತ್ತಿದ್ದಳು.

“ಅದರಾಗ ಏನೂ ಇಲ್ಲಲ್ಲಜ್ಜಿ, ಯಾಕ ತೊಳೀತಿ?” ಎಂದು ನಾನೊಮ್ಮೆ ಕೇಳಿದ್ದೆ.

“ನಿನ್ನ ಕಣ್ಣಿಗೆ ಕಾಣಲಿಲ್ಲಂದ್ರ ಇಲ್ಲೇನ ಪಾರಿ? ಅವರವರನ್ನ ಅವರವರ ಮನಿಗೆ ಕಳಸಬೇಕವ್ವ. ಕುಡ್ಯಾಕ ನೀರು ತಗೊಂಡೀವಿ, ಅವರ ಜೀವ ತಗೊಂಬಾಕ ನಾವ್ಯಾರು?”

ನಾನು ಪಾರ್ವತಿ, ಆ ಮನೆಯಲ್ಲಿ ಪಾರಿ. ಆಗ ಹೈಸ್ಕೂಲು ಮೆಟ್ಟಿಲು ಹತ್ತುವ ವಯಸ್ಸು ನನಗೆ.

ಅಜ್ಜಿಗೆ ಹಲ್ಲು ಉಳಿದಿರಲಿಲ್ಲ. ಮೇಲಾಗಿ ಹೊಟ್ಟೆ ಉರಿ. ಖಾರ ಸೇರದು, ಬೇಳೆ ಉಂಡರೆ ಸಂಜೆವರೆಗೆ ಎದೆ ಉಜ್ಜಿಕೊಳ್ಳುತ್ತ ಕೂರಬೇಕು. ಬಳ್ಳಾರಿಯ ಡಾಕ್ಟರು ನೋಡಿ, ಮೊಸರು ಮಜ್ಜಿಗೆ ಹೆಚ್ಚಿಗೆ ತಗೊಳ್ಳಮ್ಮ ಎಂದು ಹೇಳಿ ಕಳಿಸಿದ್ದರು. ಹೇಳುವ ಅಗತ್ಯವೇ ಇರಲಿಲ್ಲ. ಅವಳ ಊಟ ಎರಡು ಹೊತ್ತೂ ಒಂದೇ: ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಅದರ ಮೇಲೆ ನುಚ್ಚು ಮುಳುಗುವಷ್ಟು ಮಜ್ಜಿಗೆ, ಒಂದು ಹರಳು ಉಪ್ಪು. ನಮಗೆಲ್ಲ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಡಿಸುವಾಗ ಅವಳು ನಡುಗಂಬಕ್ಕೆ ಒರಗಿ ಆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಮೊದಲ ತುತ್ತು ನುಂಗಿದ ಮೇಲೆ ಕಣ್ಣು ಮುಚ್ಚಿ ಒಂದು ಉಸಿರು ಬಿಡುತ್ತಿದ್ದಳು. ಒಳಗೆ ಉರಿಯುವ ಒಲೆಗೆ ಯಾರೋ ನೀರು ಹಾಕಿದಂತೆ ಇರುತ್ತಿತ್ತು ಆ ಉಸಿರು. ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ಅವ್ವನ ಪಾಲಿನದು. ಆ ಹೆಪ್ಪು ಅಜ್ಜಿ ಮದುವೆಯಾಗಿ ಬಂದಾಗ ಅವಳ ತವರಿನಿಂದ ಬಂದದ್ದು, ಅಂದಿನಿಂದ ಒಂದು ದಿನವೂ ಕಡಿದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅತ್ತೆಯ ಬಗ್ಗೆ ಅವ್ವ ಹೆಮ್ಮೆಯಿಂದ ಹೇಳುತ್ತಿದ್ದ ಕೆಲವೇ ಮಾತುಗಳಲ್ಲಿ ಅದೊಂದು.

ಆ ಬೇಸಿಗೆ ಸೂಟಿಗೆ ಚಿಕ್ಕಪ್ಪ ಸಿರುಗುಪ್ಪದಿಂದ ಬಂದ. ಅಪ್ಪನ ತಮ್ಮ, ಚನ್ನಬಸಪ್ಪ. ಅಲ್ಲಿನ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಒಬ್ಬನೇ ಏಕೆಂದರೆ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕನ್ಯೆ ನೋಡಲು ಹೋದ ಮನೆಯಲ್ಲಿ, ಹುಡುಗನ ಗುಣ ಹೇಗೆ ಎಂದು ಅವರು ಅಪ್ಪನನ್ನು ಕೇಳಿದರೆ ಇವನೇ ನಡುವೆ ಬಾಯಿ ಹಾಕಿ, “ಎಲ್ಲಾ ಬರೋಬರಿ ಐತ್ರಿ, ಆದ್ರ ಗೊರಕಿ ಭಾಳ ಹೊಡಿತೀನಿ” ಅಂದಿದ್ದನಂತೆ. ಆ ಸಲ ಬರುವಾಗ ಅವನ ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಶಾಲೆಯ ಸೂರು ಕಿತ್ತು ಹೊಸದಾಗಿ ಹೊದಿಸುತ್ತಿದ್ದರು. ಧೂಳು ಬೀಳದ ಕಡೆ ಇಟ್ಟಿರಪ್ಪ ಎಂದು ಹೆಡ್‌ಮಾಸ್ಟರು ಶಾಲೆಯ ಒಂದೇ ಒಂದು ಮೈಕ್ರೊಸ್ಕೋಪನ್ನು ಇವನ ಕೈಗೆ ಕೊಟ್ಟಿದ್ದರು. ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಅಪ್ಪ ಅದನ್ನು ಗಾಜಿನ ಡಬ್ಬಿ ಎಂದು ಕರೆದ. ಅಜ್ಜಿ ದುರ್ಬೀನು ಎಂದಳು. ಮನೆಯಲ್ಲಿ ಅಜ್ಜಿಯ ಹೆಸರೇ ಉಳಿಯಿತು.

ಅದಕ್ಕೆ ಕೆಳಗೆ ಒಂದು ಪುಟ್ಟ ಕನ್ನಡಿ. ಕನ್ನಡಿಗೆ ಬೆಳಕು ಬೇಕು, ನಮ್ಮ ಮನೆಯಲ್ಲಿ ಬೆಳಕಿದ್ದುದು ಒಂದೇ ಕಡೆ. ಹಾಗಾಗಿ ದಿನಾ ಮಧ್ಯಾಹ್ನ ಬಿಸಿಲು ನಡುಗಂಬದ ಹತ್ತಿರ ಬರುವುದನ್ನೇ ಕಾಯುತ್ತಿದ್ದೆವು. ಚಿಕ್ಕಪ್ಪ ಬಿಸಿಲಿನ ಅಂಚಿಗೆ ಒಂದು ಮಣೆ ಹಾಕಿ ಅದರ ಮೇಲೆ ದುರ್ಬೀನು ಇಡುತ್ತಿದ್ದ. ಉಳ್ಳಾಗಡ್ಡಿಯ ಒಳಪೊರೆ ಇಟ್ಟು ತೋರಿಸಿದ. ಒಬ್ಬ ಗೌಂಡಿ ನಿಂತು ಕಟ್ಟಿದಂಥ ಗೋಡೆ, ಸಾಲು ಸಾಲು ಇಟ್ಟಿಗೆ. ತಂಗಳ ರೊಟ್ಟಿಯ ಬೂಷ್ಟಿನಲ್ಲಿ ಒಂದು ಕಾಡೇ ಇತ್ತು, ಪ್ರತಿ ಗಿಡದ ತುದಿಗೂ ಕರಿ ಗುಂಡು. ಕುಂಬಳ ಹೂವಿನ ಹುಡಿಯನ್ನು ನಾನು ಅಷ್ಟು ದಿನ ಅರಿಸಿನದಂಥ ಪುಡಿ ಎಂದು ತಿಳಿದಿದ್ದೆ. ನೋಡಿದರೆ ಒಂದೊಂದು ಕಾಳೂ ದುಂಡಗೆ, ಮೈ ತುಂಬ ಮುಳ್ಳು, ಎಲ್ಲ ಮುಳ್ಳೂ ಒಂದೇ ಅಳತೆ. ನನಗೆ ಅವತ್ತು ಊಟ ಸೇರಲಿಲ್ಲ. ಹಿಂದಿನ ಬಂಡೆಗಳನ್ನು ಮಾಡಿದವನು ಶಿವ ಎಂದು ಗೊತ್ತಿತ್ತು. ಯಾರ ಕಣ್ಣಿಗೂ ಬೀಳದ ಹುಡಿಗೂ ಅವನು ಇಷ್ಟು ಮನಸ್ಸಿಟ್ಟು ಮುಳ್ಳು ಜೋಡಿಸುತ್ತಾನೆ ಎಂದು ಗೊತ್ತಿರಲಿಲ್ಲ. ನಾನು ಹತ್ತನೇ ಇಯತ್ತೆ ದಾಟಿದವಳಲ್ಲ. ಆದರೆ ಇಂದಿಗೂ ಸೊಪ್ಪು ಸೋಸುವಾಗ, ಎಲೆಯ ಹಿಂಬದಿ ತಿರುವಿ ನೋಡದೆ ಬಾಣಲೆಗೆ ಹಾಕಲು ನನ್ನ ಕೈ ಬರುವುದಿಲ್ಲ. ಆ ಮಣೆಯ ಮುಂದೆ ಮೊಣಕಾಲೂರಿ ಕೂತಾಗ ಹತ್ತಿದ ಅಭ್ಯಾಸ ಅದು.

ಅಜ್ಜಿ ನಮ್ಮ ಆಟವನ್ನು ಕಂಬದ ಆಚೆಯಿಂದ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಚಿಕ್ಕಪ್ಪ ಬಾವಿಯ ನೀರಿನ ಹನಿ ಇಟ್ಟು, ಅದರಲ್ಲಿ ಓಡಾಡುವ ಜೀವಿಗಳನ್ನು ನನಗೆ ತೋರಿಸಿದ. ನಾನು ಚೀರಿದೆ. ಅಜ್ಜಿ ನಕ್ಕಳು.

“ಬಾವ್ಯಾಗ ಇರ್ತಾವ, ಇರದ ಏನು. ನಾ ಸೋಸಿದ ನೀರು ಇಟ್ಟು ನೋಡು. ಒಂದೂ ಇರಂಗಿಲ್ಲ.”

ಚಿಕ್ಕಪ್ಪ ಪೆಟ್ಟಿಗೆ ಮುಚ್ಚಲು ಹೋದ. ಅಜ್ಜಿ ಬಿಡಲಿಲ್ಲ.

“ಯಾಕಲೇ, ಅಂಜಿಕಿ ಆತೇನು? ಇಡು, ನಾನೂ ನೋಡ್ತೀನಿ. ಇಷ್ಟು ವರ್ಷ ಸೋಸೀನಿ, ನನ್ನ ಕೆಲಸ ನನಗ ತೋರಸು.”

ಹರವಿಯಿಂದ ಅವಳೇ ಒಂದು ಹನಿ ತಂದಳು. ಮಣೆಯ ಮುಂದೆ ಕೂತು, ಸೆರಗು ಸರಿ ಮಾಡಿಕೊಂಡು, ಕಣ್ಣು ಇಟ್ಟಳು.

“ಏನೂ ಕಾಣವಲ್ದು. ಕರೀ ಕಡ್ಡಿ ಕಡ್ಡಿ ಐತಿ.”

“ಅದು ನಿನ್ನ ರೆಪ್ಪಿಗೂದಲ ಯವ್ವಾ. ಸ್ವಲ್ಪ ಹಿಂದ ಸರಿ. ಆ ಕಣ್ಣು ಮುಚ್ಚು. ಈಗ?”

ಅಜ್ಜಿ ಬಿಸಿಲಿನ ತುಂಡು ಮಣೆಯ ಒಂದು ಕಾಲಿನಿಂದ ಸರಿಯುವಷ್ಟು ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ತಲೆ ಎತ್ತದೆಯೇ ಕೇಳಿದಳು.

“ಇದು ನಾ ಸೋಸಿದ್ದ?”

“ಹೌದವ್ವ.”

“ಚಪ್ಪಲಿ ಅಟ್ಟೀ ಹಂಗ ಒಂದು ಐತಿ. ಹೋಕ್ಕೈತಿ, ತಿರುಗ್ತೈತಿ, ಮತ್ತ ಬರತೈತಿ. ಅದಕ್ಕೂ ಏನೋ ಕೆಲಸ ಐತಿ ನೋಡು.” ಆಮೇಲೆ ತಲೆ ಎತ್ತಿ, “ಚನ್ನಾ, ಇಂಥವು ಮತ್ತ ಎದರಾಗ ಅದಾವ?”

ಅಲ್ಲಿಂದ ಸುರುವಾಯಿತು. ಅವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಬೇಡ ಬೇಡ ಎಂದು ಕಣ್ಣು ಮಾಡುತ್ತಿದ್ದಳು. ಚಿಕ್ಕಪ್ಪ ನೋಡಿದ, ನೋಡಿಯೂ ಏನು ಮಾಡಿಯಾನು? ಕೇಳಿದ್ದಕ್ಕೆ ಇದ್ದದ್ದು ಹೇಳುವ ಬಾಯಿ ಅವನದು. ಅಂಬಲಿಯಲ್ಲಿ? ಹುಳಿ ಬಂದಿದ್ದರೆ ಇರುತ್ತವೆ. ಹಣ್ಣಿನ ಸಿಪ್ಪೆಯ ಮೇಲೆ? ಇರುತ್ತವೆ. ಮೊಸರಿನಲ್ಲಿ?

“ಮೊಸರು ಆಗೋದ ಅವುಗಳಿಂದ ಯವ್ವಾ. ಹೆಪ್ಪು ಅಂದ್ರ ಅವ. ಹಾಲು ಉಂಡು, ರಾತ್ರಿಯೆಲ್ಲ ಬೆಳದು, ಅದನ್ನ ಹುಳಿ ಮಾಡಿ ಗಟ್ಟಿ ಮಾಡ್ತಾವ.”

ಮರುದಿನ ಅವಳೇ ಹಟ ಮಾಡಿ ಮೊಸರನ್ನೂ ಇಡಿಸಿದಳು. ಚಿಕ್ಕಪ್ಪ ಒಂದು ಹನಿ ತೆಳು ಮಾಡಿ, ಗಾಜಿಗೆ ಒಣಗಿಸಿ, ಶೀಶೆಯಿಂದ ನೀಲಿ ಬಣ್ಣ ಹಾಕಿ ತೊಳೆದು ಇಟ್ಟ. ಸಣ್ಣ ಸಣ್ಣ ಕಡ್ಡಿ, ಸಣ್ಣ ಸಣ್ಣ ಚುಕ್ಕೆ, ಕೆಲವು ಮಣಿಸರದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಲುಗಾಡುತ್ತಿರಲಿಲ್ಲ.

“ಇವು ಓಡಾಡವಲ್ವಲ್ಲ. ಜೀವ ಐತೇನು ಇವಕ್ಕ?”

“ಮೊಸರಾಗ ಇದ್ದಾಗ ಇರತೈತಿ.”

“ಕುದಿಸಿದ್ರ?”

“ಸಾಯ್ತಾವ.”

“ಅಂದ್ರ ಮಜ್ಜಿಗಿ ಸಾರು ಮಾಡಿದಾಗೆಲ್ಲ…” ಎಂದವಳು ಎದ್ದು ದೇವರ ಮನೆಗೆ ಹೋದಳು.

ಅವತ್ತಿನ ಊಟಕ್ಕೆ ಅವ್ವ ಎಂದಿನಂತೆ ಬಟ್ಟಲು ತಂದಿಟ್ಟಳು. ಅಜ್ಜಿ ಅದನ್ನು ಎರಡೂ ಕೈಯಿಂದ ಹಿಡಿದು, ಕಣ್ಣಿಗೊತ್ತಿಕೊಂಡು, ಹಿಂದಕ್ಕೆ ಸರಿಸಿದಳು.

“ಬ್ಯಾಡವ್ವ ನನಗ. ನೀವು ಉಣ್ರಿ, ನಿಮಗ ಏನೂ ಅನ್ನಂಗಿಲ್ಲ. ನೀರು ಬಿಟ್ರ ಈ ಜೀವ ಹೋಗತೈತಿ, ಅದಕ್ಕ ನೀರು ಕುಡಿತೀನಿ, ತಪ್ಪು ಅಂತ ಗೊತ್ತಿದ್ದ ಕುಡಿತೀನಿ. ಮೊಸರು ಬಿಟ್ರ ನಾಲಗಿ ರುಚಿ ಹೋಗತೈತಿ, ಅಷ್ಟ ಅಲ್ಲೇನು?”

ನಾಲಗೆಯ ರುಚಿಯಷ್ಟೇ ಹೋಗಿದ್ದರೆ ಅದನ್ನು ನಾನು ಬರೆಯುತ್ತಿರಲಿಲ್ಲ. ನುಚ್ಚಿಗೆ ಬೇಳೆಯ ಕಟ್ಟು ಹಾಕಿಕೊಂಡು ಉಂಡಳು. ಮೊದಲ ದಿನ ಎದೆ ಉಜ್ಜಿಕೊಂಡಳು, ಮರುದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಆಮೇಲೆ ನುಚ್ಚೂ ಅರ್ಧಕ್ಕೆ ಇಳಿಯಿತು. ಹಾಲು ಕೊಟ್ಟರೆ ವಾಂತಿ. ಹೊರಗೆ ಬಂಡೆಗಳು ಕಾದು, ಮಾಳಿಗೆಯ ಮಣ್ಣೂ ಕಾದು, ಪಡಸಾಲೆಯ ಹಾಸುಗಲ್ಲಿಗೆ ನೀರು ಚಿಮುಕಿಸಿದರೆ ನೋಡುತ್ತಿದ್ದಂತೆ ಆರುವಂಥ ದಿನಗಳು. ಅಜ್ಜಿಯ ಬಳೆಗಳು ಮೊಣಕೈವರೆಗೆ ಏರುತ್ತಿದ್ದವು. ಅತ್ತೆ ಉಣ್ಣದ ಮಜ್ಜಿಗೆಯನ್ನು ಅವ್ವ ಉಣ್ಣಲಾರಳು. ಅವ್ವ ಉಣ್ಣದ್ದನ್ನು ನಮಗೆ ಬಡಿಸಲಾರಳು. ಆದರೂ ದಿನಾ ರಾತ್ರಿ ಹಾಲು ಕಾಸಿ ಹೆಪ್ಪು ಹಾಕುತ್ತಿದ್ದಳು, ಬೆಳಿಗ್ಗೆ ಆ ಮೊಸರನ್ನು ಓಣಿಯ ಮನೆಗಳಿಗೆ ಹಂಚಿ, ಒಂದು ಚಮಚ ಮಾತ್ರ ಮುಂದಿನ ಹೆಪ್ಪಿಗೆ ಉಳಿಸಿಕೊಳ್ಳುತ್ತಿದ್ದಳು. ಯಾಕವ್ವ ಎಂದರೆ, “ಉಣ್ಣೋರು ಎದ್ದ ಮ್ಯಾಲ ಬೇಕಾಗತೈತಿ” ಎನ್ನುತ್ತಿದ್ದಳು. ಅತ್ತೆ ಸೊಸೆಗೆ ಎಷ್ಟೋ ವಿಷಯಕ್ಕೆ ಸರಿಬರುತ್ತಿರಲಿಲ್ಲ. ಉಪ್ಪು ಹೆಚ್ಚಾಯಿತೆಂದು, ಕಸ ಸರಿಯಾಗಿ ಬಳಿದಿಲ್ಲವೆಂದು ದಿನಕ್ಕೊಂದು ಮಾತು ಇದ್ದೇ ಇರುತ್ತಿತ್ತು. ಆ ದಿನಗಳಲ್ಲಿ ಅವ್ವ ಒಂದಕ್ಕೂ ಎದುರಾಡಲಿಲ್ಲ. ಬೈಯುವ ದನಿ ಸಣ್ಣದಾಗುತ್ತ ಬಂದದ್ದೇ ಅವಳನ್ನು ಹೆದರಿಸಿತ್ತು.

ಮೈದುನನ ಮೇಲೆ ಮಾತ್ರ ಅವಳ ಸಿಟ್ಟು ಇಳಿದಿರಲಿಲ್ಲ.

“ಅಲ್ಲಪ್ಪ ಚನ್ನಬಸು, ಇಲ್ಲ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು? ಮೊಸರಾಗ ಏನೂ ಇಲ್ಲವ್ವ ಅಂತ ಒಂದು ಮಾತು.”

“ಅದಾವಲ್ಲ ಅತ್ತಿಗಿ.”

“ಇರಲಿ ಬಿಡಪ್ಪ ಅವು. ಇದ್ದು ಇಷ್ಟು ವರ್ಷ ನಮಗೇನು ಮಾಡಿದ್ವು?”

“ಈಗ ಹೋಗಿ, ನಾ ಹೇಳಿದ್ದು ಸುಳ್ಳವ್ವ ಅಂದ್ರ ನಂಬ್ತಾಳೇನು? ಆಕೀ ಕಣ್ಣಾರೆ ನೋಡ್ಯಾಳ.”

ಮಠದ ಅಯ್ಯನವರು ಭಿಕ್ಷಕ್ಕೆ ಬಂದಾಗ ಅವ್ವ ಅವರ ಕಾಲಿಗೆ ಬಿದ್ದು, ನೀವಾದರೂ ಹೇಳಿ ಎಂದಳು. ವಯಸ್ಸಾದವರು, ಒಳ್ಳೆಯವರು. ಕಂಬದ ಹತ್ತಿರ ಚಾಪೆಯ ಮೇಲೆ ಕೂತು, “ತಾಯೀ, ಲಿಂಗಕ್ಕ ಅರ್ಪಿಸಿದ ಮ್ಯಾಲ ಅದು ಮೊಸರಲ್ಲ, ಪ್ರಸಾದ” ಎಂದರು. ಅಜ್ಜಿ ಮಲಗಿದ್ದಲ್ಲಿಂದ ಎದ್ದು ಕೂತು ಕೈ ಮುಗಿದಳು.

“ಖರೆ ಅಯ್ಯನೋರ. ಆದ್ರ ಒಂದು ಜೀವ ತಗೊಂಡು ಹೋಗಿ ಲಿಂಗದ ಮುಂದ ಇಡಬಹುದೇನ್ರಿ?”

ಅವರು, “ನನಗ ತಿಳಿವಲ್ದು ತಾಯಿ” ಎಂದರು. ತಿಳಿಯದ್ದನ್ನು ತಿಳಿಯದು ಎಂದ ಆ ಹಿರಿಯರಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಶರಣು ಎನ್ನುತ್ತೇನೆ.

ಅಪ್ಪನಿಗೆ ಹತ್ತಿ, ಮೆಣಸಿನಕಾಯಿ ದಲ್ಲಾಳಿ ಕೆಲಸ. ಹಗಲೆಲ್ಲ ಮಂದಿಯ ಜೊತೆ ಕೂಗಾಡಿ ಬರುವವನು, ಮನೆಯಲ್ಲಿ ದನಿ ಎತ್ತುತ್ತಿದ್ದುದು ಕಡಿಮೆ. ಆ ದಿನ ಬೆಳಿಗ್ಗೆ ಅಜ್ಜಿ ಜಳಕಕ್ಕೆ ಎದ್ದವಳು ಬಾವಿಯ ಹತ್ತಿರ ಕುಸಿದು ಕೂತಳು. ಅಪ್ಪನೇ ಎತ್ತಿಕೊಂಡು ಬಂದು ಮಲಗಿಸಿದ. ಎತ್ತುವಾಗ ಅವಳ ತೂಕ ಅವನ ಕೈಗೆ ತಿಳಿದಿರಬೇಕು. ತಮ್ಮನ ಕಡೆ ತಿರುಗಿದ.

“ಭಾಳ ಶಾಣ್ಯಾ ಆದಿ. ಸಿರುಗುಪ್ಪದ ಹುಡುಗರಿಗೆ ಕಲಿಸಿದ್ದು ಸಾಲಲಿಲ್ಲಂತ ಅವ್ವಗ ಕಲಿಸಾಕ ಬಂದಿ. ಆ ಗಾಜಿನ ಡಬ್ಬಿ ತಗೊಂಡು ಮಧ್ಯಾಹ್ನದ ಬಸ್ಸಿಗೆ ಹೋಗು. ಆಕೀಗೆ ಏನರ ಆದ್ರ ಮತ್ತ ಈ ಹೊಸ್ತಿಲ ತುಳೀಬ್ಯಾಡ.”

ಅಪ್ಪ ಬಜಾರಕ್ಕೆ ಹೋದ. ಚಿಕ್ಕಪ್ಪ ತನ್ನ ಬಟ್ಟೆ ಮಡಿಚಿ ಚೀಲಕ್ಕೆ ಹಾಕಿಕೊಂಡ. ಅವನೂ ಅಷ್ಟು ದಿನ ಸರಿಯಾಗಿ ಉಂಡಿರಲಿಲ್ಲ ಎಂದು ನನಗೆ ಆಗ ಕಂಡಿತು. ಕಾಲರು ಕುತ್ತಿಗೆಯಿಂದ ದೂರ ನಿಂತಿತ್ತು. ದುರ್ಬೀನನ್ನು ಪೆಟ್ಟಿಗೆಯಲ್ಲಿ ಇಡಲು ಕೈಗೆತ್ತಿಕೊಂಡವನು, ಬಿಸಿಲು ನಡುಗಂಬದ ಬುಡಕ್ಕೆ ಬಂದಿದ್ದನ್ನು ನೋಡಿದ. ಅದರ ಅಂಚಿಗೇ ಅಜ್ಜಿ ಮಲಗಿದ್ದಳು. ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಆಮೇಲೆ ಮಣೆ ಹಾಕು ಎಂದು ನನಗೆ ಸನ್ನೆ ಮಾಡಿದ.

“ಚನ್ನಬಸು, ಸಾಕಪ್ಪ” ಎಂದಳು ಅವ್ವ ಒಳಗಿನಿಂದ. ಅವನು ಕೇಳಿಸಿಕೊಳ್ಳಲಿಲ್ಲ. ಬೇವಿನ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಿ ಮೆತ್ತಗೆ ಮಾಡಿಕೊಂಡು ಅಜ್ಜಿಯ ಹತ್ತಿರ ಕೂತ.

“ಯವ್ವಾ, ಬಾಯಿ ತೆರಿ.”

“ಔಷಧ ಏನು?”

“ಅಲ್ಲ. ತೆರಿ ಸ್ವಲ್ಪ.”

ಅವಳ ಗಲ್ಲದ ಒಳಗೆ ಕಡ್ಡಿಯನ್ನು ಮೆಲ್ಲಗೆ ತಿಕ್ಕಿದ. ಬಂದದ್ದನ್ನು ಗಾಜಿಗೆ ಸವರಿ, ನೀಲಿ ಹನಿ ಹಾಕಿ, ತೊಳೆದು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದ. ಶಾಲೆಯಲ್ಲಿ ಪ್ರತಿ ವರ್ಷ ಹುಡುಗರಿಂದ ಮಾಡಿಸುವ ಪಾಠವಂತೆ ಅದು. ನಾನೂ ಅವನೂ ಸೇರಿ ಅಜ್ಜಿಯನ್ನು ಎಬ್ಬಿಸಿ ಕೂರಿಸಿದೆವು. ಅವಳ ಬೆನ್ನು ನನ್ನ ಎದೆಗೆ ಒರಗಿತ್ತು. ಈ ಸಲ ಯಾವ ಕಣ್ಣು ಮುಚ್ಚಬೇಕೆಂದು ಅವಳಿಗೆ ಗೊತ್ತಿತ್ತು.

“ದೊಡ್ಡ ದೊಡ್ಡ ಚಪ್ಪಡಿ ಅದಾವ. ನೀಲಿ ಅದಾವ. ಒಂದೊಂದರ ನಡುವ ಒಂದು ಕರೀ ಬೊಟ್ಟು. ಯಾವ ಊರು ಲೇ ಇದು?”

“ನೀನ ಯವ್ವಾ. ನಿನ್ನ ಗಲ್ಲ.”

“ನಾನ?”

“ನಿನ್ನ ಮೈಯೆಲ್ಲ ಇಂಥ ಸಣ್ಣ ಸಣ್ಣ ಮನಿಗಳು. ಒಂದೊಂದೂ ತಾನ ಉಸರಾಡತೈತಿ, ತಾನ ಉಣತೈತಿ. ಆ ಬೊಟ್ಟು ಐತಲ್ಲ, ಆ ಮನಿ ಹೆಂಗ ನಡೀಬೇಕು ಅನ್ನೋದು ಎಲ್ಲಾ ಅದರಾಗ ಐತಿ.”

ಅಜ್ಜಿ ಬಹಳ ಹೊತ್ತು ನೋಡಿದಳು. ಅವಳ ಪಕ್ಕೆ ಏರಿ ಇಳಿಯುವುದು ನನ್ನ ಕೈಗೆ ತಿಳಿಯುತ್ತಿತ್ತು.

“ಚಪ್ಪಡೀ ಮ್ಯಾಲ ಸಾಸಿವಿ ಚೆಲ್ಲಿದಂಗ ಐತಲ್ಲ, ಅದು?”

ಚಿಕ್ಕಪ್ಪ ಅವ್ವನ ಕಡೆ ನೋಡಿದ. ಅವ್ವ ಹೊಸ್ತಿಲಿಗೆ ಬಂದು ನಿಂತಿದ್ದಳು.

“ಅವು ಮೊಸರಾಗ ಇದ್ದಂಥವ. ನಿನ್ನ ಬಾಯಾಗ ವಾಸ ಮಾಡ್ಯಾವ. ಹೊಟ್ಟ್ಯಾಗ ಇನ್ನೂ ಭಾಳ ಅದಾವ. ಅದನ್ನ ನಾ ನೋಡಿಲ್ಲ, ಓದೀನಿ. ನಮ್ಮ ಕೈಲೆ ಅರಗದ್ದನ್ನ ಅವು ಅರಗಸ್ತಾವ.”

“ಯಾವಾಗ ಬಂದು ಕುಂತಾವ?”

“ನೀ ಹುಟ್ಟಿದಾಗ. ಹಡೆದ ತಾಯಿಯಿಂದ ಕೂಸಿಗೆ ಬರ್ತಾವ. ಆಮ್ಯಾಲ ಉಣ್ಣೋದರಾಗ, ಮುದ್ದು ಮಾಡೋದರಾಗ, ಮಣ್ಣಾಗ ಆಡೋದರಾಗ ಮತ್ತಷ್ಟು ಕೂಡ್ಕೋತಾವ.”

“ಅಂದ್ರ ನಮ್ಮವ್ವನ ಹತ್ರ ಇದ್ದವು.” ಅಜ್ಜಿ ದುರ್ಬೀನಿನಿಂದ ಕಣ್ಣು ತೆಗೆದು ಮಗನ ಮುಖ ನೋಡಿದಳು. “ನಿನಗ?”

“ನಿನ್ನಿಂದ.”

ಅವಳು ಅವನ ಗಲ್ಲವನ್ನು ಒಂದು ಬೆರಳಿಂದ ಮುಟ್ಟಿದಳು. ಒಳಗೆ ಇದ್ದವರಿಗೆ ಕೇಳಿಸಲಿ ಎನ್ನುವಂತೆ, ಬಾಗಿಲು ತಟ್ಟುವ ಹಾಗೆ. ಆಮೇಲೆ ಮತ್ತೆ ಕೇಳಿದಳು.

“ನನ್ನ ತಿಂತಾವೇನು ಅವು?”

“ಇಲ್ಲ. ನೀ ಉಂಡದ್ದ ಉಣ್ತಾವ.”

“ನಾ ಉಣದಿದ್ರ?”

ಚಿಕ್ಕಪ್ಪ ತಲೆ ತಗ್ಗಿಸಿದ. “ಅವೂ ಉಪಾಸ.”

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ಅಜ್ಜಿ ಅಷ್ಟಕ್ಕೇ ಬಿಡುವವಳಲ್ಲ.

“ಮೊಸರಾಗಿನವು ಒಳಗ ಹೋದ್ರ ಏನಾಕ್ಕಾವ? ಖರೆ ಹೇಳು.”

“ಕೆಲವು ಹಾದ್ಯಾಗ ಸಾಯ್ತಾವ ಯವ್ವಾ. ಕೆಲವು ಉಳದು, ಒಳಗಿದ್ದೋರ ಕೂಡ ಕೆಲಸಕ್ಕ ಹತ್ತತಾವ. ಆ ಹೆಪ್ಪು ಗಡಿಗ್ಯಾಗ ಬಿಟ್ಟು ದಿನಾ ಹಾಲು ಹಾಕಲಿಲ್ಲಂದ್ರ ಅಲ್ಲೂ ಸಾಯ್ತಾವ.”

“ಹಂಗಾದ್ರ ಉಂಡ್ರ ಪಾಪ ಇಲ್ಲ ಅಂತೀಯೇನು?”

“ಪಾಪ ನನ್ನ ದುರ್ಬೀನಿನಾಗ ಕಾಣಂಗಿಲ್ಲ.”

ಇದು ಯಾರಿಗೂ ಬೇಕಾಗಿದ್ದ ಉತ್ತರವಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈಗಲಾದರೂ ಒಂದು ಸಣ್ಣ ಸುಳ್ಳು ಹೇಳಬಾರದಿತ್ತೆ ಎಂದು ನನಗೂ ಅನ್ನಿಸಿತು. ಇಷ್ಟು ವಯಸ್ಸಾದ ಮೇಲೆ ಬೇರೆ ಅನ್ನಿಸುತ್ತದೆ. ಅವನು ಅವತ್ತು ಸುಳ್ಳು ಹೇಳಿದ್ದರೆ, ಅದರ ಹಿಂದಿನ ಮಾತುಗಳನ್ನೂ ಅಜ್ಜಿ ನಂಬುತ್ತಿರಲಿಲ್ಲ. ತನ್ನ ತಾಯಿಯಿಂದ ಬಂದವರು ತನ್ನೊಳಗಿದ್ದಾರೆ ಎಂಬುದನ್ನೂ ನಂಬುತ್ತಿರಲಿಲ್ಲ. ಸುಳ್ಳು ಬಾರದ ಒಬ್ಬ ಮಗನನ್ನು ಶಿವ ಆ ಮನೆಗೆ ಕೊಟ್ಟಿದ್ದ, ನನ್ನ ಪಾಲಿನ ಸಣ್ಣ ದಯೆಗಳಲ್ಲಿ ಅದನ್ನೂ ಇಟ್ಟುಕೊಂಡಿದ್ದೇನೆ.

ಅಜ್ಜಿ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಳು. ಬಸುರಿ ಹೆಂಗಸರು ಇಟ್ಟುಕೊಳ್ಳುವ ಹಾಗೆ. ಬಿಸಿಲಿನ ತುಂಡು ಮಣೆಯಿಂದ ಇಳಿದು ನೆಲಕ್ಕೆ ಹೋಯಿತು.

“ಇಷ್ಟು ಮಂದೀನ ಉಪಾಸ ಕೆಡವಿ ನಾ ಯಾವ ಪುಣ್ಯ ಗಳಸಾಕ ಹೊಂಟಿದ್ದೆ” ಎಂದಳು, ತನಗೆ ತಾನೇ. ಆಮೇಲೆ ಒಳಗಿನ ಕಡೆ ಮುಖ ಮಾಡಿ, ಹಳೆಯ ದನಿಯಲ್ಲಿ, “ಏನವ್ವ, ಆ ಗಡಿಗ್ಯಾಗ ಮಜ್ಜಿಗಿ ಐತೋ, ಎಲ್ಲಾ ಓಣಿಗೆ ಹಂಚೀದ್ಯೋ?”

ಬೈಸಿಕೊಂಡ ಅವ್ವನ ಮುಖ ಅಷ್ಟು ಅರಳಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ. “ಐತ್ರಿ ಅತ್ತಿ” ಎಂದವಳೇ ಒಳಗೆ ಓಡಿದಳು. ಹೆಪ್ಪಿಗೆಂದು ಎತ್ತಿಟ್ಟದ್ದಷ್ಟೇ ಉಳಿದಿತ್ತು. ಅದರಲ್ಲಿ ಒಂದು ಹನಿ ಹಾಗೇ ಇಟ್ಟು, ಮಿಕ್ಕಿದ್ದಕ್ಕೆ ಸೋಸಿದ ನೀರು ಬೆರೆಸಿ, ಕೈಯಿಂದಲೇ ಕಡೆದು, ಬಿಸಿ ಆರಿದ ನುಚ್ಚಿಗೆ ಹಾಕಿ ತಂದಳು. ತೆಳ್ಳಗಿತ್ತು, ನೀರೇ ಹೆಚ್ಚು. ಅಜ್ಜಿ ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು ಲಿಂಗಕ್ಕೆ ಅರ್ಪಿಸಿದಳು. ನುಚ್ಚು ಕಲಸುವ ಮುಂಚೆ ಬಟ್ಟಲಿನ ಅಂಚನ್ನು ಮುಟ್ಟಿ ಕೈ ಹಣೆಗೆ ಒತ್ತಿಕೊಂಡಳು. ಅದು ಹೊಸದು. ಯಾರ ಹತ್ತಿರ ಕ್ಷಮೆ ಕೇಳಿದಳೋ, ಯಾರಿಗೆ ಬನ್ನಿ ಎಂದಳೋ, ನಾನು ಕೇಳಲಿಲ್ಲ. ಮುಂದೆ ಅವಳು ಬದುಕಿರುವವರೆಗೂ ಹಾಗೆ ಮಾಡಿದಳು. ಮೊದಲ ತುತ್ತು ಇಳಿಯಿತು. ಕಣ್ಣು ಮುಚ್ಚಿದಳು. ನಾವೆಲ್ಲ ಆ ಉಸಿರಿಗೆ ಕಾದಿದ್ದೆವು. ಬಂತು.

ಅಷ್ಟರಲ್ಲಿ ಅಪ್ಪ ಬಜಾರದಿಂದ ಬಂದ. ಬಾಗಿಲಲ್ಲೇ ನಿಂತು ತಾಯಿಯ ಕೈಯ ಬಟ್ಟಲು ನೋಡಿದ, ಮಣೆಯ ಮೇಲಿದ್ದ ದುರ್ಬೀನು ನೋಡಿದ. ಕಾಲು ತೊಳೆದುಕೊಂಡು ಬಂದು, ಏನೂ ಕೇಳದೆ, ಅವಳ ಪಕ್ಕ ನೆಲದ ಮೇಲೆ ಕೂತ. ಚಿಕ್ಕಪ್ಪ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ದೊಡ್ಡ ರಸ್ತೆಯಲ್ಲಿ ಸಿರುಗುಪ್ಪದ ಬಸ್ಸಿನ ಹಾರ್ನು ಕೇಳಿಸಿತು.

“ನಾ ಬರ್ತೀನಣ್ಣ” ಎಂದ.

ಅಪ್ಪ ತಲೆ ಎತ್ತಲಿಲ್ಲ. “ನಾಳೀಗೂ ಬಸ್ಸು ಐತಿ” ಎಂದ.

ಚಿಕ್ಕಪ್ಪ ಆದರೂ ನಿಂತೇ ಇದ್ದ. ಕೂರಲು ಅವನಿಗೆ ಇನ್ನೂ ಧೈರ್ಯ ಇರಲಿಲ್ಲ. ಅಜ್ಜಿ ಬಟ್ಟಲಿನಿಂದ ಒಂದು ತುತ್ತು ನುಚ್ಚು ತೆಗೆದು, ಸೋರದ ಹಾಗೆ ಇನ್ನೊಂದು ಅಂಗೈಯನ್ನು ಕೆಳಗೆ ಹಿಡಿದು, ಅವನ ಕಡೆ ನೀಡಿದಳು.

“ಕುಂದ್ರು ಚನ್ನಾ. ನೀ ತಪ್ಪು ಮಾಡಿದ್ರ ಮಾಡೀದಿ. ನಿನ್ನೊಳಗಿನೋರು ಏನು ಮಾಡ್ಯಾರಪ್ಪ, ಅವರು ನನ್ನ ಮನಿಯೋರಲ್ಲೇನು?”